ಪಾಳಿ ಮುರಿಯದ ಕಾಕಾ

ನಮ್ಮ ಕಾಕಾ ಡೆನ್ಮಾರ್ಕಿಗೆ ಹೋದದ್ದು ನಾಲ್ಕು ತಿಂಗಳ ಮಟ್ಟಿಗೆ. ವಾಪಸು ಬರಲು ಅವರಿಗೆ ಮೂವತ್ತು ವರ್ಷ ಹಿಡಿಯಿತು.

ವಿಮಾನವೇನೋ ಹೇಳಿದ ದಿನಕ್ಕೇ ಬಂದಿತ್ತು. ಅಪ್ಪನ ಜೊತೆ ಹೋಗಿ ಕರೆದುಕೊಂಡು ಬಂದವನು ನಾನೇ. ಸೂಟ್‌ಕೇಸು ಬಂತು, ದಪ್ಪ ಕೋಟು ಬಂತು, ಒಂದು ಡಬ್ಬಿ ಬಿಸ್ಕತ್ತು ಬಂತು. ಮನುಷ್ಯ ಮಾತ್ರ ಅಲ್ಲೇ ಉಳಿದುಬಿಟ್ಟಿದ್ದರು.

ನಾವು ಧಾರವಾಡದ ಕಡೆಯವರು. ಕಾಕಾ ಎಂದರೆ ಅಪ್ಪನ ತಮ್ಮ, ಅವರ ಹೆಂಡತಿ ಕಾಕು. ಅಣ್ಣತಮ್ಮ ಇಬ್ಬರೂ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮತ್ತಿಕೆರೆಯ ಒಂದೇ ರಸ್ತೆಯಲ್ಲಿ ನಾಲ್ಕು ಮನೆಗಳ ಅಂತರದಲ್ಲಿ ವಾಸ. ಕಾರ್ಖಾನೆಯವರು ಡೆನ್ಮಾರ್ಕಿನ ಯಂತ್ರವೊಂದನ್ನು ಕೊಂಡರು, ಅದನ್ನು ನಡೆಸುವುದನ್ನು ಕಲಿತು ಬಾ ಎಂದು ಕಾಕಾನನ್ನು ಕಳಿಸಿದರು. ಆರು ವರ್ಷಕ್ಕೆ ಯಂತ್ರ ಗುಜರಿಗೆ ಹೋಯಿತು. ಡೆನ್ಮಾರ್ಕ್ ಹೋಗಲಿಲ್ಲ.

ನಮ್ಮ ಮನೆಗಳಲ್ಲಿ 'ಅಲ್ಲಿ' ಎಂದರೆ ಯಾವ ಊರು ಎಂದು ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ನಲ್ಲಿಗೆ ಬಾಯಿಟ್ಟು ನೀರು ಕುಡಿಯಬಹುದು. ಅಲ್ಲಿ ಬಸ್ಸು ಹೇಳಿದ ನಿಮಿಷಕ್ಕೆ ಬರುತ್ತದೆ. ಅಲ್ಲಿ ಕಚೇರಿಯಲ್ಲಿ ಗುಮಾಸ್ತ ಎದ್ದು ನಿಂತು ಮಾತಾಡಿಸುತ್ತಾನೆ. ಒಂದು ದಿನ ಕಾಕುಗೆ ಸಾಕಾಗಿ, "ಅಲ್ಲಿ ಥಂಡಿಗೆ ನಡುಗಿ ಎಂಟು ದಿನಾ ಜ್ವರಾ ಬಂದು ಮಲಗಿದ್ರಲ್ಲ, ಅದನ್ನೂ ಹೇಳ್ರಿ" ಎಂದರು.

"ಬಂದಿತ್ತು," ಎಂದು ಕಾಕಾ ಒಪ್ಪಿಕೊಂಡರು. "ಡಾಕ್ಟರ್ ಕಡೆ ಹೋದೆ. ರೊಕ್ಕಾ ತಗೊಳ್ಳಲಿಲ್ಲ."

ಇಂಥವರ ಜೊತೆ ವಾದ ಮಾಡುವುದು ಹೇಗೆ?

ಯಶವಂತಪುರದ ಸರ್ಕಲ್ಲಿನಲ್ಲಿ ರಸ್ತೆ ದಾಟುವವರಿಗೆಂದು ಬಿಳಿ ಪಟ್ಟೆ ಬಳಿದಿದ್ದರು. ಕಾಕಾ ಅದರ ಮುಂದೆ ಸ್ಕೂಟರ್ ನಿಲ್ಲಿಸಿದರು. ಹಿಂದೆ ಎರಡು ಬಸ್ಸು, ಒಂದು ಲಾರಿ, ಲೆಕ್ಕವಿಲ್ಲದಷ್ಟು ಆಟೋ. ಹಿಂದಿನ ಸೀಟಿನಲ್ಲಿ ನಾನು. ಪೊಲೀಸ್ ಓಡಿ ಬಂದ.

"ಯಾಕ್ ಸಾರ್, ಗಾಡಿ ಕೆಟ್ಟೋಯ್ತಾ?"

"ಇಲ್ಲರಿ. ಮಂದಿ ದಾಟಲಿ ಅಂತ ನಿಂತೀನಿ."

ಪೊಲೀಸ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಯಾವ ಮಂದಿ ಸಾರ್?"

"ಬರತಾರ," ಎಂದರು ಕಾಕಾ.

ಕೊನೆಗೆ ಅವನೇ ಸ್ಕೂಟರನ್ನು ನನ್ನ ಸಮೇತ ಪಕ್ಕಕ್ಕೆ ತಳ್ಳಿದ.

ನಮ್ಮ ಊರಿನಲ್ಲಿ ಯಾವುದೇ ಕಚೇರಿಗೆ ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳುವ ಪದ್ಧತಿಯಿದೆ: ಅಲ್ಲಿ ನಿಮಗೆ ಯಾರಾದರೂ ಗೊತ್ತಾ? ಗ್ಯಾಸಿಗೂ ಅದೇ, ಆಸ್ಪತ್ರೆಗೂ ಅದೇ, ಸ್ಮಶಾನಕ್ಕೂ ಅದೇ. ಕಾಕಾ ಈ ಪ್ರಶ್ನೆಯನ್ನು ಮನೆಯೊಳಗೆ ನಿಷೇಧಿಸಿದರು. ಪಾಳಿ ಎಂದರೆ ಪಾಳಿ. ತನ್ನ ಪಾಳಿ ಬಂದಾಗ ಹೋಗಬೇಕು, ಅಲ್ಲಿಯವರೆಗೆ ನಿಲ್ಲಬೇಕು. ರೇಷನ್ ಕಾರ್ಡಿಗೆ ಐದು ತಿಂಗಳು ನಿಂತರು. ಬಂದ ಕಾರ್ಡಿನಲ್ಲಿ ಕಾಕುವಿನ ಫೋಟೋ ಇರಬೇಕಾದ ಜಾಗದಲ್ಲಿ ಯಾರೋ ಮೀಸೆಯ ಗಂಡಸು. ತಿದ್ದುಪಡಿಗೂ ಪಾಳಿಯೇ. ಹೀಗಾಗಿ ಒಂದು ವರ್ಷ ನಮ್ಮ ಕಾಕು ಮೀಸೆ ಹೊತ್ತುಕೊಂಡೇ ಸೀಮೆಎಣ್ಣೆ ತಂದರು.

ಕಾಕಾನ ಪಕ್ಕದ ಮನೆಯ ಗೌಡರು ಹಳೆಯ ಮತ್ತಿಕೆರೆಯವರು. ತಾತ ರಾಗಿ ಬೆಳೆದ ಹೊಲದಲ್ಲಿ ಇವರು ಕಾಲೇಜು ಹುಡುಗರಿಗೆ ಬಾಡಿಗೆ ರೂಮು ಬೆಳೆಯುತ್ತಿದ್ದರು. ಅವರಿಗೆ ಗೊತ್ತಿಲ್ಲದ ಕಚೇರಿ ಇರಲಿಲ್ಲ. "ಏನ್ ಸಾರ್ ನೀವು, ಒಂದ್ ಮಾತು ಏಳ್ಬಾರ್ದಾ? ಎಲ್ಲಾ ಕಡೆ ನಮ್ಮೋರೇ ಅವ್ರೆ," ಎಂದರು. ಅಂದಿನಿಂದ ಕಾಕಾ ಅವರಿಗೆ ನಮಸ್ಕಾರ ಹೇಳುವುದನ್ನೇ ಬಿಟ್ಟರು. ಯಾಕೆ ಎಂದು ಅಪ್ಪ ಕೇಳಿದರೆ, "ಗುರುತು ಆತಂದ್ರ ನಾಳೆ ಅದನ್ನ ಬಳಸೂ ಆಸೆ ಆಗತದಣ್ಣಾ" ಎಂದರು. ಗೌಡರನ್ನು ತಪ್ಪಿಸಲು ಅವರು ಕಾರ್ಖಾನೆಗೆ ಸುತ್ತು ರಸ್ತೆ ಹಿಡಿಯುತ್ತಿದ್ದರು.

ಇಷ್ಟರವರೆಗೆ ನಗಬಹುದು. ನಾವೂ ನಕ್ಕೆವು.

ಕಾಕಾಗೆ ಒಬ್ಬಳೇ ಮಗಳು, ಗಿರಿಜಾ. ಅವರು ಬಂದ ಮರುವರ್ಷ ಅವಳನ್ನು ಒಂದನೇ ತರಗತಿಗೆ ಸೇರಿಸಬೇಕಾಯಿತು. ರಸ್ತೆಯ ಮಕ್ಕಳೆಲ್ಲ, ನಾನೂ ಸೇರಿದಂತೆ, ಟೈ ಕಟ್ಟಿಕೊಂಡು ಆಟೋದಲ್ಲಿ ಖಾಸಗಿ ಶಾಲೆಗೆ ಹೋಗುತ್ತಿದ್ದೆವು. ಕಾಕಾ ಅವಳನ್ನು ಸರಕಾರಿ ಶಾಲೆಗೆ ಸೇರಿಸುತ್ತೇನೆ ಎಂದರು.

"ಅಲ್ಲಿ ಮ್ಯಾನೇಜರನ ಮಗಾ, ಕಸಾ ಗುಡಸಾಂವನ ಮಗಳು ಒಂದ ಬೆಂಚಿನ ಮ್ಯಾಲೆ ಕೂಡತಾವ," ಎಂದು ಅಪ್ಪನಿಗೆ ವಿವರಿಸಿದರು. "ಮ್ಯಾನೇಜರ್ ಸ್ವತಃ ಶನಿವಾರ ಬಂದು ಸಾಲಿ ಗ್ವಾಡಿಗೆ ಬಣ್ಣಾ ಹಚ್ಚತಾನ. ಯಾಕ? ತನ್ನ ಮಗಾ ಅಲ್ಲೇ ಇದ್ದಾನಂತ. ನಾವೆಲ್ಲಾ ಬಿಟ್ಟ ಹೋದ್ರ ಸಾಲಿ ಕೆಡದ ಏನ್ ಮಾಡತದ? ನಾ ಹೋದ್ರ ನಾಕ ಮಂದಿ ಬರತಾರ. ನಾಕ ಮಂದಿ ಬಂದ್ರ ಸುಧಾರಸ್ತದ."

ಕಾಕು ಒಂದೇ ಮಾತು ಹೇಳಿದರು. "ನೀವು ಹೋಗಿ ಬಂದ್ರಿ, ಸರಿ. ನನ್ನ ಮಗಳನ್ನ ಯಾಕ ಆ ದೇಶಕ್ಕ ಕಳಸ್ತೀರಿ?"

ಕಾರ್ಖಾನೆಯಲ್ಲಿ ಕಾಕಾ ಪ್ರಚಾರ ಮಾಡಿದರು. ಹನ್ನೊಂದು ಮಂದಿ ತಲೆಯಾಡಿಸಿದರು. ನಮ್ಮಲ್ಲಿ ತಲೆಯಾಡಿಸುವುದಕ್ಕೆ ಏನು ಅರ್ಥ ಎಂದು ಆ ನಾಲ್ಕು ತಿಂಗಳಲ್ಲಿ ಅವರು ಮರೆತಿದ್ದರೇನೋ. ಶಾಲೆ ಶುರುವಾಗುವ ದಿನ ಹನ್ನೊಂದು ಸಂಸಾರಗಳಿಗಾಗುವಷ್ಟು ಧಾರವಾಡ ಪೇಢೆ ಹಿಡಿದು ಗೇಟಿನಲ್ಲಿ ನಿಂತರು. ಹತ್ತು ಗಂಟೆಗೆ ಗಂಟೆ ಬಾರಿಸಿದರು. ಹನ್ನೊಂದಾಯಿತು. ಯಾರೂ ಬರಲಿಲ್ಲ. ಪೇಢೆಗಳನ್ನು ಶಾಲೆಯ ಮಕ್ಕಳಿಗೆ ಹಂಚಿ, ಕೈ ಒರೆಸಿಕೊಂಡು, ಎರಡನೆಯ ಪಾಳಿಯ ಕೆಲಸಕ್ಕೆ ಹೋದರು. ಮರುದಿನ ಕಾರ್ಖಾನೆಯಲ್ಲಿ ಆ ಹನ್ನೊಂದು ಮಂದಿ ಕೇಳಿದ್ದು, "ಪೇಢೆ ನಮಗಿಲ್ವಾ?"

ಆ ಶಾಲೆಯಲ್ಲಿ ಹುಡುಗಿಯರ ಶೌಚಾಲಯವಿತ್ತು. ಅದಕ್ಕೆ ನೀರಿರಲಿಲ್ಲ, ಆದ್ದರಿಂದ ಬೀಗ ಇತ್ತು. ಕಾಕಾ ಅರ್ಜಿ ಬರೆದರು. ಅವರ ಅರ್ಜಿ ಎಂದರೆ ಸಾಮಾನ್ಯವಲ್ಲ: ನಕ್ಷೆ, ಅಳತೆ, ಕೊಳವೆ ಯಾವ ಗೋಡೆಯಿಂದ ಬರಬೇಕು ಎಂಬ ವಿವರ. ಎಂಟು ತಿಂಗಳಿಗೆ ಉತ್ತರ ಬಂತು: ಪರಿಶೀಲನೆಯಲ್ಲಿದೆ. ಕಾಕಾಗೆ ಹಿಡಿಸಲಾರದಷ್ಟು ಸಂತೋಷ. "ಉತ್ತರ ಬಂತಲ್ಲ! ಯಾರೋ ಓದ್ಯಾರ." ಎರಡನೇ ಅರ್ಜಿಗೆ ಬಂದ ಉತ್ತರವೂ ಅದೇ. ಮೂರನೆಯದಕ್ಕೂ ಅದೇ. ಅವರು ಎಲ್ಲವನ್ನೂ ಫೈಲಿಗೆ ಹಾಕಿ, ಫೈಲಿಗೆ ಬಟ್ಟೆಯ ಹೊದಿಕೆ ಹೊಲಿಸಿದರು.

ಶಾಲೆಯ ಮುಖ್ಯೋಪಾಧ್ಯಾಯಿನಿ ಒಮ್ಮೆ ಕಾಕಾನ ಮನೆಗೇ ಬಂದಿದ್ದರು. ನಾನು ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ. ಆದ್ದರಿಂದ ಅವರಾಡಿದ ಮಾತು ನನಗೆ ನೆನಪಿದೆ.

"ಸಾರ್, ನಿಮ್ಮ ಪಕ್ಕದ ಮನೆ ಗೌಡ್ರಿಗೆ ಒಂದು ಮಾತು ಹೇಳಿ. ನಾಳೆನೇ ನೀರು ಬರುತ್ತೆ."

"ಹಂಗ ಬರಬಾರದಂತ್ಲೇ ಹೇಳಿಲ್ಲ ಅಕ್ಕಾರ," ಎಂದರು ಕಾಕಾ, ಬಹಳ ವಿನಯದಿಂದ. "ಇವತ್ತ ಗೌಡರು ಕೊಟ್ರ ನಾಳೆ ಗೌಡರು ಬಂದ್ ಮಾಡತಾರ. ಸರಕಾರ ಕೊಡಬೇಕು. ಪಾಳಿ ಬಂದಾಗ ಕೊಡತದ."

ಸರಕಾರದ ಪಾಳಿ ಬಂತು. ನೀರು, ಹೊಸ ಬಾಗಿಲು, ಬಿಳಿ ಟೈಲ್ಸು, ಎಲ್ಲ ಬಂತು. ಗಿರಿಜಾ ಏಳನೇ ಕ್ಲಾಸು ಮುಗಿಸಿ ಆ ಶಾಲೆ ಬಿಟ್ಟ ಮರುವರ್ಷ. ಉದ್ಘಾಟನೆಗೆ ರಿಬ್ಬನ್ ಕಟ್ಟಿದ್ದರು. ಅರ್ಜಿದಾರರೆಂದು ಕಾಕಾಗೆ ಶಾಲು ಹೊದಿಸಿದರು. ಶೌಚಾಲಯದ ಮುಂದೆ ಶಾಲು ಹೊದ್ದು ನಿಂತ ಕಾಕಾನ ಫೋಟೋ ನಮ್ಮ ಮನೆಯಲ್ಲಿ ಎಷ್ಟು ವರ್ಷ ನಗೆಯ ವಸ್ತುವಾಗಿತ್ತು! ಗಿರಿಜಾಳನ್ನೂ ಕರೆದುಕೊಂಡು ಹೋಗಿದ್ದರು. ಅವಳು ಒಳಗೆ ಹೋಗಿ ನೋಡಿ ಬಂದು, "ಚಲೋ ಆಗೇದ ಅಪ್ಪಾ" ಎಂದಳು. ಅಷ್ಟೇ ಹೇಳಿದಳು.

ಇನ್ನೊಂದು ಸಂಗತಿಯನ್ನು ನಾನು ಬರೆಯಲೇಬೇಕು. ಆ ಏಳು ವರ್ಷವೂ ಸಂಜೆ ಶಾಲೆ ಬಿಟ್ಟ ಕೂಡಲೇ ಗಿರಿಜಾ ಓಡಿ ಬರುತ್ತಿದ್ದಳು. ಅವರ ಮನೆಗಿಂತ ನಮ್ಮ ಮನೆ ಮೊದಲು ಸಿಗುತ್ತದೆ. ಚೀಲ ಎಸೆದು ನೇರ ನಮ್ಮ ಬಚ್ಚಲಿಗೆ. "ಬಂತು ನೋಡ್ರಿ ಎಕ್ಸ್‌ಪ್ರೆಸ್," ಎಂದು ಅವ್ವ ತಮಾಷೆ ಮಾಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ನಾನು ಪ್ರತಿದಿನ ನೋಡಿದ್ದೇನೆ. ನೋಡಿದ್ದನ್ನು ಒಂದು ದಿನವೂ ಯೋಚಿಸಲಿಲ್ಲ.

ಹೋದ ವರ್ಷ ಗಿರಿಜಾ ಕಾಯಿಲೆಯಾಗಿ ಹೆಬ್ಬಾಳದ ಆಸ್ಪತ್ರೆಗೆ ಸೇರಿದಳು. ಈಗ ಅವಳು ಬ್ಯಾಟರಾಯನಪುರದಲ್ಲಿದ್ದಾಳೆ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಐದು ವರ್ಷದ ಮಗಳಿದ್ದಾಳೆ. ಹಲವು ವರ್ಷಗಳಿಂದ ಮತ್ತೆ ಮತ್ತೆ ಸೋಂಕು, ಕಲ್ಲು. ಈಗ ಒಂದು ಮೂತ್ರಪಿಂಡ ಅರ್ಧದಷ್ಟೇ ಕೆಲಸ ಮಾಡುತ್ತಿದೆ ಎಂದರು. ಹಾಸಿಗೆಯ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಸ್ಕ್ಯಾನಿಂಗ್ ಕವರು ಹಿಡಿದ ಕಾಕಾ.

"ನೀರು ಕಮ್ಮಿ ಕುಡೀತೀರಾ?" ಎಂದು ಡಾಕ್ಟರಮ್ಮ ಕೇಳಿದರು.

"ಅಭ್ಯಾಸನೇ ಇಲ್ಲ ಡಾಕ್ಟ್ರೇ," ಎಂದು ಗಿರಿಜಾ ನಕ್ಕಳು. "ಸ್ಕೂಲಲ್ಲಿ ಟಾಯ್ಲೆಟ್ ಬೀಗ ಹಾಕಿರ್ತಿತ್ತು. ಬೆಳಗ್ಗೆಯಿಂದ ನೀರೇ ಕುಡೀತಿರ್ಲಿಲ್ಲ ನಾವು ಹುಡುಗೀರು. ಬಾಟಲಿ ನೀರು ಬರೋ ದಾರೀಲಿ ಗಿಡಕ್ಕೆ ಹಾಕ್ಬಿಡ್ತಿದ್ದೆ, ಅವ್ವ ಬೈತಾಳೆ ಅಂತ. ಆಮೇಲೆ ಬಾಯಾರಿಕೆನೇ ಹೋಯ್ತು."

ಅದೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರಮ್ಮ. ಅದನ್ನೂ ಇಲ್ಲಿ ಬರೆದಿಡುತ್ತೇನೆ. ಅವರು ಹೋದ ಮೇಲೆ ಕಾಕಾ, "ನನಗ್ಯಾಕ ಹೇಳಲಿಲ್ಲವಾ?" ಎಂದರು.

"ಹೇಳಿದ್ರ ನೀವು ಇನ್ನೊಂದ್ ಅರ್ಜಿ ಬರೀತಿದ್ರಿ ಅಪ್ಪಾ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗಿಬ್ಬರಿಗೂ ಹಗುರವಾಗುತ್ತಿತ್ತು.

ಅಲ್ಲಿಯ ನಿಯಮವನ್ನು ಅಲ್ಲಿ ಊರಿಗೆ ಊರೇ ಸೇರಿ ಹೊರುತ್ತದೆ. ಇಲ್ಲಿ ಅದನ್ನು ಆರು ವರ್ಷದ ಹುಡುಗಿಯೊಬ್ಬಳು ತನ್ನ ಹೊಟ್ಟೆಯ ಕೆಳಗೆ ಬಿಗಿಹಿಡಿದು ಹೊತ್ತಳು. ಆ ಶಾಲೆಯಲ್ಲಿ ಬೇರೆ ಹುಡುಗಿಯರೂ ಇದ್ದರು. ಅವರ ಅಪ್ಪಂದಿರು ಡೆನ್ಮಾರ್ಕಿಗೆ ಹೋಗಿರಲಿಲ್ಲವಾದ್ದರಿಂದ ಅವರ ಬಗ್ಗೆ ಯಾರೂ ಪ್ರಬಂಧ ಬರೆಯುವುದಿಲ್ಲ. ಇನ್ನು ನಾವು, ಟೈ ಕಟ್ಟಿಕೊಂಡು ಆಟೋ ಹತ್ತಿದವರು? ಆ ಶಾಲೆಯನ್ನು ಬಿಟ್ಟುಹೋಗಿ ಕೆಡಿಸಿದವರು ನಾವೇ ಎಂದು ಕಾಕಾ ಮೂವತ್ತು ವರ್ಷದ ಹಿಂದೆಯೇ ಹೇಳಿದ್ದರು. ಅವರ ತಪ್ಪು ಒಂದೇ, ನಾವು ವಾಪಸು ಬರುತ್ತೇವೆ ಎಂದು ನಂಬಿದ್ದು.

ಈ ವರ್ಷ ಶಾಲೆಗೆ ಸೇರಿಸುವ ಕಾಲದಲ್ಲಿ ಕಾಕಾ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಕೂತು, ಚಹಾ ಬೇಡ ಎಂದರು. ಮೊಮ್ಮಗಳಿಗೆ ಯಲಹಂಕದ ಕಡೆಯ ಒಂದು ಖಾಸಗಿ ಶಾಲೆ ನೋಡಿದ್ದಾರಂತೆ, ಸೀಟು ತುಂಬಿದೆಯಂತೆ. ಆಮೇಲೆ ಗೋಡೆ ನೋಡುತ್ತ ಕೇಳಿದರು:

"ಆ ಸಾಲ್ಯಾಗ ನಿನಗ ಯಾರರ ಗೊತ್ತದಾರೇನಪಾ?"

ಮನೆಯೊಳಗೆ ಅವರೇ ನಿಷೇಧಿಸಿದ್ದ ಪ್ರಶ್ನೆ. ಎಲ್ಲರ ಬಾಯಲ್ಲೂ ಕೇಳಿದ್ದೇನೆ, ನಾನೂ ದಿನಕ್ಕೆ ಹತ್ತು ಸಲ ಕೇಳುತ್ತೇನೆ. ನನ್ನದು ಅಚ್ಚಿನ ಮನೆ. ಆ ಶಾಲೆಯ ಡೈರಿಗಳನ್ನು ಅಚ್ಚು ಹಾಕುವುದು ನಾನೇ. ಫೋನ್ ಮಾಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. "ಅಯ್ಯೋ, ನಿಮ್ಮ ಮನೆ ಮಗು ಅಂದ್ರೆ ನಮ್ಮ ಮನೆ ಮಗು ಸಾರ್, ಕಳ್ಸಿ," ಎಂದರು ಅಲ್ಲಿಯ ಕಾರ್ಯದರ್ಶಿ. ಆಯಿತು ಎಂದು ಕಾಕಾಗೆ ಹೇಳಿದೆ.

ಕಾಕಾ ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು.

"ಇಷ್ಟ ಹಗುರ ಇತ್ತೇನಪಾ ಇದು?"

ಬಾಗಿಲ ತನಕ ಹೋಗಿ, ಚಪ್ಪಲಿ ಮೆಟ್ಟುತ್ತ, ತಿರುಗಿ ಇನ್ನೊಂದು ಕೇಳಿದರು. "ನಮ್ಮ ಕೂಸಿನ ಜಾಗಾದಾಗ ಯಾರ ಪಾಳಿ ಇತ್ತು?"

ಶಾಲೆಯ ಮೊದಲ ದಿನ ಅರ್ಧ ದಿನದ ತರಗತಿ. ಕಾಕಾ ಬೆಳಗ್ಗೆ ಮಗುವನ್ನು ಒಳಗೆ ಬಿಟ್ಟವರು ಗೇಟು ಬಿಟ್ಟು ಕದಲಿರಲಿಲ್ಲ. ಮಧ್ಯಾಹ್ನ ನಾನು, ಗಿರಿಜಾ ಹೋದಾಗ ಕಾವಲುಗಾರ ದೂರು ಹೇಳಿದ: "ನಿಮ್ಮೋರಾ ಮೇಡಂ? ಬೆಳಗ್ಗೆಯಿಂದ ಹೆಣ್ಮಕ್ಕಳ ಟಾಯ್ಲೆಟ್ ತೋರ್ಸಿ ಅಂತಾರೆ. ಇನ್ನೊಂದ್ ಸಲ ಕೇಳಿದ್ರೆ ಪೊಲೀಸ್ ಕರೀತಿದ್ದೆ."

ಮಕ್ಕಳು ಸಾಲಾಗಿ ಹೊರಬಂದರು. ಎಪ್ಪತ್ತು ದಾಟಿದ ಕಾಕಾ ಗೇಟಿನ ಮುಂದೆ, ಎಲ್ಲರ ದಾರಿಗೂ ಅಡ್ಡವಾಗಿ, ಮಂಡಿಯೂರಿ ಕೂತರು. ಮೊಮ್ಮಗಳ ಕಿವಿಯಲ್ಲಿ ಏನೋ ಕೇಳಿದರು.

"ಹೋಗಿದ್ದೆ ಅಜ್ಜಾ," ಎಂದಿತು ಮಗು, ಎಲ್ಲರಿಗೂ ಕೇಳುವಂತೆ. "ಎರಡು ಸಲ. ಅಲ್ಲಿ ಸೋಪೂ ಇದೆ."

ಹಿಂದಿದ್ದ ತಾಯಂದಿರು ನಕ್ಕರು. ಕಾಕಾ ಏಳಲಿಲ್ಲ. ಅವರ ಭುಜಗಳು ಅಲುಗುವುದು ನನಗೆ ಕಾಣುತ್ತಿತ್ತು. ಗಿರಿಜಾ ಮಗಳ ಚೀಲವನ್ನು ನನಗೆ ಕೊಟ್ಟು, ಅಪ್ಪನ ಪಕ್ಕದಲ್ಲಿ ತಾನೂ ಕುಕ್ಕರಗಾಲಲ್ಲಿ ಕೂತು, ವೇಲಿನ ತುದಿಯಿಂದ ಅವರ ಮುಖ ಒರೆಸಿದಳು. "ಸಾಕು ಅಪ್ಪಾ, ಏಳ್ರಿ," ಎಂದಳು. "ಬೆಳಗ್ಗಿಂದ ಇಲ್ಲೇ ನಿಂತೀರಿ. ನೀವು ಹೋಗಿ ಬಂದ್ರೇನು?"