ಕುದುರೆ ಓಡಿದರೆ ನನ್ನ ಎದೆ ಓಡಿಸುವ ಯಂತ್ರರಾಯರಿಗೆ

ಮಾನ್ಯರೇ,

ನನ್ನ ಎಡಭುಜದ ಕೆಳಗೆ, ಚರ್ಮದ ಒಳಗೆ ಬೆಚ್ಚಗೆ ಬಿಡಾರ ಹೂಡಿರುವ ಪೇಸ್‌ಮೇಕರ್ ರಾಯರ ಸನ್ನಿಧಾನಕ್ಕೆ, ತಮ್ಮ ವಸತಿಯ ಮಾಲೀಕನೂ ನಾರಿನ್ ಸೀಮೆಯ ಕುರಿಗಾಹಿಯೂ ಆದ ಶಾರ್ಶೆನ್ ಮಾಡುವ ಸಲಾಮುಗಳು.

ಮೊದಲು ಕೃತಜ್ಞತೆ. ಹೋದ ವಸಂತದಲ್ಲಿ ಉಣ್ಣೆ ಕತ್ತರಿಸುತ್ತಿದ್ದಾಗ ಎದೆಬಡಿತ ತೀರಾ ನಿಧಾನಗೊಂಡು ನಾನು ಕುರಿಯ ಮೇಲೆಯೇ ಬಿದ್ದೆ. ರಾಜಧಾನಿ ಬಿಷ್ಕೆಕ್‌ನ ಡಾಕ್ಟರಮ್ಮ ತಮ್ಮನ್ನು ನನ್ನೊಳಗೆ ಪ್ರತಿಷ್ಠಾಪಿಸದಿದ್ದರೆ ಈ ದೂರು ಬರೆಯಲು ನಾನೇ ಇರುತ್ತಿರಲಿಲ್ಲ. ತಾವು ಎಂಥ ಜಾಣರೆಂದರೆ, ನಾನು ಕೂತರೆ ಎದೆಯನ್ನು ಮೆಲ್ಲಗೆ ಬಡಿಸುತ್ತೀರಿ, ಮೈ ಕುಲುಕಿದರೆ ‘ಈತ ಓಡುತ್ತಿದ್ದಾನೆ’ ಎಂದು ತಿಳಿದು ಜೋರಾಗಿ ಬಡಿಸುತ್ತೀರಿ. ತೊಂದರೆ ಇಲ್ಲೇ ಇದೆ, ಮಹಾಸ್ವಾಮಿ. ತಮ್ಮನ್ನು ತಯಾರಿಸಿದವರ ದೇಶದಲ್ಲಿ ಜನ ಬೆಳಿಗ್ಗೆ ಎದ್ದು, ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಸ್ವಂತ ಕಾಲಿನಿಂದ ಓಡುತ್ತಾರಂತೆ. ನಮ್ಮಲ್ಲಿ ಕಾಲು ಇರುವುದು ಜೀನಿನ ರಿಕಾಪಿಗೆ ಸಿಕ್ಕಿಸಲು. ಪಕ್ಕದ ಮನೆಗೆ ಉಪ್ಪು ಕೇಳಲು ಹೋದರೂ ನಾನು ಕುದುರೆ ಏರಿಯೇ ಹೋಗುವವನು.

ಹೀಗಾಗಿ ನನ್ನ ಕುದುರೆ ಕಾಶ್ಕಾ ಓಡುತ್ತದೆ, ನಾನು ಹಿಟ್ಟಿನ ಮೂಟೆಯಂತೆ ಕೂತಿರುತ್ತೇನೆ, ತಾವು ಮಾತ್ರ ನನ್ನ ಎದೆಯಲ್ಲಿ ನಗಾರಿ ಬಾರಿಸುತ್ತೀರಿ. ಕೊನೆಗೆ ಏದುಸಿರು ಬಿಡುವವನು ನಾನು. ಓಡಿದ ಕಾಶ್ಕಾ ಹುಲ್ಲು ಮೇಯುತ್ತಾ ನನ್ನನ್ನು ಕನಿಕರದಿಂದ ನೋಡುತ್ತದೆ.

ಮೊನ್ನೆಯ ತಪಾಸಣೆಯಲ್ಲಿ ಡಾಕ್ಟರಮ್ಮ ನನ್ನ ಎದೆಗೆ ತಣ್ಣನೆಯ ಲೋಳೆ ಸವರಿ, ಪರದೆಯ ಮೇಲೆ ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ನೋಡಿ ಸಂತೋಷಪಟ್ಟರು. ಆಮೇಲೆ ತಾವು ಒಪ್ಪಿಸಿದ ವರದಿ ನೋಡಿ, “ಅತಾ, ಹಿರಿಯರೇ, ಈ ವಯಸ್ಸಲ್ಲಿ ದಿನಾ ಇಷ್ಟು ಹೊತ್ತು ಓಡ್ತೀರಾ? ಭೇಷ್!” ಎಂದು ಹೊರಗೆ ಕಾಯುತ್ತಿದ್ದ ರೋಗಿಗಳನ್ನೆಲ್ಲ ನನ್ನ ದರ್ಶನಕ್ಕೆ ಕರೆದರು. ನಾನು ವಿನಯದಿಂದ ತಲೆ ತಗ್ಗಿಸುವಷ್ಟರಲ್ಲಿ ನನ್ನ ಹೆಂಡತಿ ಬುರುಲ್, “ಇವ್ರು ಓಡೋದಾ? ಹಿತ್ತಲಿಗೆ ಹೋಗೋಕೂ ಕುದುರೆಗೆ ಜೀನು ಹಾಕ್ತಾರೆ!” ಎಂದುಬಿಟ್ಟಳು. ಆಸ್ಪತ್ರೆ ನಕ್ಕಿತು.

ಮನೆಗೆ ಬರುವ ದಾರಿಯಲ್ಲಿ ಬುರುಲ್ ನಗಲಿಲ್ಲ. “ಇನ್ನೊಂದ್ಸಲ ಆ ಪ್ರಾಣಿ ನಿಮ್ಮ ಎದೆ ಓಡಿಸ್ಲಿ, ಈ ಚಳಿಗಾಲದ ಮಾಂಸಕ್ಕೆ ಬೇರೆ ಕುದುರೆ ಹುಡುಕೋದೇ ಬೇಡ” ಎಂದಳು. ಚಳಿಗಾಲಕ್ಕೆ ಒಂದು ಕುದುರೆ ಕಡಿದು ನೆರೆಹೊರೆಯವರೊಂದಿಗೆ ಹಂಚಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ನೆರೆಯ ಜಾಕಿಪ್ ತನ್ನ ಪಾಲಿನ ಮಾಂಸಕ್ಕೆಂದು ಆಗಲೇ ಬೆಳ್ಳುಳ್ಳಿ ಸುಲಿಯುತ್ತಿದ್ದಾನೆ. ಅವನ ಎದೆಗೆ ಹಾಕಿರುವುದು ಹಸುವಿನ ಹೃದಯದ ಪೊರೆಯಿಂದ ಮಾಡಿದ ಕವಾಟ. ಅದು ಇವತ್ತಿನವರೆಗೆ ಒಂದು ಹಿಡಿ ಹುಲ್ಲು ಕೇಳಿಲ್ಲ. ಹಸುವೇ ಅಷ್ಟು ಸಂಯಮದಿಂದಿರುವಾಗ ಇಷ್ಟು ಓದಿಕೊಂಡ ತಾವು ಚಾಡಿ ಹೇಳುವುದೇ? ಮರಿಯಾಗಿದ್ದಾಗ ಹಿಮದಲ್ಲಿ ಸಿಕ್ಕಿಬಿದ್ದ ಕಾಶ್ಕಾನನ್ನು ಹೆಗಲ ಮೇಲೆ ಹೊತ್ತು ತಂದವನು ನಾನು. ಅದನ್ನು ತಟ್ಟೆಯಲ್ಲಿ ನೋಡಲಾರೆ.

ಆದ್ದರಿಂದ ತಾವು ದಯಮಾಡಿ ಎರಡು ಕಾಲಿಗೂ ನಾಲ್ಕು ಕಾಲಿಗೂ ಇರುವ ವ್ಯತ್ಯಾಸವನ್ನು ಅಭ್ಯಾಸ ಮಾಡಬೇಕು. ಅದು ಕಷ್ಟವಾದರೆ ಒಂದು ಮಧ್ಯಾಹ್ನ ಹೊರಗೆ ಬಂದು ಜೀನಿನ ಕೆಳಗೆ ಕೂತು, ಬೆವರುತ್ತಿರುವವರು ಯಾರೆಂದು ಖುದ್ದಾಗಿ ಪರಿಶೀಲಿಸಬೇಕು. ಡಾಕ್ಟರಮ್ಮನ ಆ ‘ಭೇಷ್’ ಅನ್ನು ಅದರ ನಿಜವಾದ ವಾರಸುದಾರನಾದ ಕಾಶ್ಕಾಗೆ, ಒಂದಿಷ್ಟು ಕ್ಯಾರೆಟ್ ಸಹಿತ, ತಲುಪಿಸಬೇಕು.

ತಮ್ಮನ್ನು ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ಶಾರ್ಶೆನ್

ತಾ.ಕ.: ಇಷ್ಟು ಬರೆದು ಮುಗಿಸುವಾಗ ಅಂಗಳದಲ್ಲಿ ಬುರುಲ್ ದೊಡ್ಡ ಚೂರಿ ಮಸೆಯತೊಡಗಿದಳು. ನನ್ನ ಜೀವ ಬಾಯಿಗೆ ಬಂತು. ನಾನು ಅಲ್ಲಾಡದೆ ಕೂತಿದ್ದೆನಾದ್ದರಿಂದ ತಾವು ಆರಾಮವಾಗಿ ನಿದ್ದೆಯಲ್ಲಿದ್ದಿರಿ. ಬೇಲಿಯಾಚೆಯಿಂದ ಕಾಶ್ಕಾ ಮಾತ್ರ ಕೆನೆಯಿತು. “ಯಾಕ್ರೀ ಹಂಗೆ ಬಿಳಚಿಕೊಂಡ್ರಿ? ಈರುಳ್ಳಿ ಹೆಚ್ಚೋಕೆ ಇದು. ಡಾಕ್ಟರಮ್ಮ ಫೋನ್ ಮಾಡಿದ್ರು, ನಿಮ್ಮ ಯಂತ್ರದ ಚುರುಕು ಸ್ವಲ್ಪ ತಗ್ಗಿಸ್ತಾರಂತೆ, ಕುದುರೆ ಏರಬಹುದಂತೆ” ಎಂದಳು ಬುರುಲ್. ಮುಂದಿನ ತಪಾಸಣೆಗೆ ತಮ್ಮ ಜೊತೆ ಕಾಶ್ಕಾನನ್ನೂ ಕರೆದೊಯ್ಯುತ್ತೇನೆ. ನನ್ನ ಎದೆಯ ವಿಷಯ ಬಲ್ಲವರೊಬ್ಬರು ಅಲ್ಲಿರಲಿ.