ಮೂರು ಮ್ಯಾಟುಗಳ ಮೇಲೆ ಒಂದು ಕಾಲು

ಕಾರು ಇಟ್ಟುಕೊಂಡವರಲ್ಲಿ ಓಡಿಸುವವರೂ ಇದ್ದಾರೆ, ಒರೆಸುವವರೂ ಇದ್ದಾರೆ. ನಾನು ಒರೆಸುವ ಜಾತಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊನ್ನಾವರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾಗಿರುವ ನನಗೆ ಬೆಳಿಗ್ಗೆ ಚಾ ಕುಡಿಯುವುದಕ್ಕಿಂತ ಮುಂಚೆ ಕಾರಿನ ಮೈ ಒರೆಸಬೇಕು. ಸೀಟಿಗೆ ಶೋರೂಮಿನವರು ಹಾಕಿದ್ದ ಪ್ಲಾಸ್ಟಿಕ್ಕನ್ನು ನಾಲ್ಕು ವರ್ಷವಾದರೂ ತೆಗೆದಿಲ್ಲ. ಬೇಸಿಗೆಯಲ್ಲಿ ಅದು ಬೆನ್ನಿಗೆ ಅಂಟಿಕೊಂಡು, ಇಳಿಯುವಾಗ ಚರ್ಮ ಸುಲಿದಂಥ ಸದ್ದು ಬರುತ್ತದೆ. ಸೀಟು ಮಾತ್ರ ಹೊಸದಾಗಿಯೇ ಇದೆ. ಬೆನ್ನಿನ ವಿಷಯ ಬೇರೆ.

ಹೋದ ವರ್ಷ ಭಟ್ಕಳದ ಅಂಗಡಿಯೊಂದರಲ್ಲಿ ದಪ್ಪನೆಯ, ಹೊಲಿಗೆ ಹಾಕಿದ, ಮೆತ್ತನೆಯ ಮ್ಯಾಟು ಕಣ್ಣಿಗೆ ಬಿತ್ತು. ಅಂಗಡಿಯ ಸಾಹೇಬರು ಸುತ್ತಿ ಕೊಡುವಾಗ ಸ್ಪಷ್ಟವಾಗಿ ಹೇಳಿದರು: "ಹಳೇದು ತೆಗೆದು ಇದನ್ನ ಹಾಕಿ ಸರ್. ಒಂದರ ಮೇಲೆ ಒಂದು ಬೇಡ. ಪೆಡಲಿಗೆ ತಾಗ್ತದೆ." ಆತು ಎಂದು ತಲೆಯಾಡಿಸಿದೆ. ಮನೆಗೆ ಬಂದು ನೋಡಿದರೆ ಕಂಪನಿಯ ಮ್ಯಾಟು ಕೆಳಗಿತ್ತು, ಅದು ಹಾಳಾಗದಿರಲೆಂದು ಹಾಕಿದ ರಬ್ಬರಿನದು ಅದರ ಮೇಲಿತ್ತು. ಎರಡೂ ಚೆನ್ನಾಗಿಯೇ ಇದ್ದವು. ತೆಗೆಯಲು ಮನಸ್ಸು ಬರಲಿಲ್ಲ. ಹೊಸದನ್ನು ಅವುಗಳ ಮೇಲೆ ಹಾಸಿದೆ. ಹೊಸದು ಕೊಳೆಯಾಗಬಾರದಲ್ಲ, ಅದರ ಮೇಲೊಂದು ಪೇಪರು.

ನನ್ನ ಹೆಂಡತಿ ವೀಣಾಳಿಗೆ ಕಾರು ಕಲಿಯುವ ಆಸೆ ಇತ್ತು. ಎರಡು ಸಲ ಕೇಳಿದ್ದಳು. "ಈ ಗಾಡಿಗೆ ನನ್ನ ಕೈಯೇ ಬೇಕು" ಎಂದು ಎರಡು ಸಲವೂ ಹೇಳಿದ್ದೆ. ಮೂರನೆಯ ಸಲ ಅವಳು ಕೇಳಲಿಲ್ಲ. ನಾನು ಅದನ್ನು ತಿಳುವಳಿಕೆ ಬಂದ ಲಕ್ಷಣ ಎಂದುಕೊಂಡೆ.

ಜನವರಿಯ ಒಂದು ಭಾನುವಾರ ಕತಗಾಲದಿಂದ ಅತ್ತೆ ಬಂದಿದ್ದರು. ಅವರನ್ನು ಅಪ್ಸರಕೊಂಡಕ್ಕೆ ಕರೆದೊಯ್ದು, ಗುಡ್ಡದ ಮೇಲಿಂದ ಸಮುದ್ರ ತೋರಿಸಿ, ಹನ್ನೊಂದರ ಸುಮಾರಿಗೆ ವಾಪಸ್ ಹೊರಟೆವು. ಅತ್ತೆ ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಜಾರದಂತೆ ಬಾಗಿಲ ಹಿಡಿ ಹಿಡಿದು ಕೂತಿದ್ದರು. ಕಾಸರಕೋಡಿನ ಹತ್ತಿರ ಹೆದ್ದಾರಿಯಲ್ಲಿ ಒಂದು ಬಸ್ಸು ಮುಂದೆ ಕುಂಟುತ್ತಿತ್ತು. ಅತ್ತೆಗೆ ಗಾಡಿಯ ತಾಕತ್ತು ತೋರಿಸೋಣವೆಂದು ಆಕ್ಸಲರೇಟರನ್ನು ಪೂರ್ತಿ ತುಳಿದೆ. ಬಸ್ಸು ಹಿಂದೆ ಬಿತ್ತು. ಕಾಲು ತೆಗೆದೆ. ಕಾರು ಕಾಲು ತೆಗೆದದ್ದನ್ನು ಗಮನಿಸಲೇ ಇಲ್ಲ.

ಇಂಜಿನ್ನು ಹಾಗೆಯೇ ಅರಚುತ್ತಿತ್ತು. ಮುಳ್ಳು ತೊಂಬತ್ತು ದಾಟಿತ್ತು. ಬ್ರೇಕು ತುಳಿದೆ, ಸ್ವಲ್ಪ ತಗ್ಗಿತು. ಬಿಟ್ಟೆ, ಮತ್ತೆ ಎಳೆದುಕೊಂಡು ಹೋಯಿತು. ಮೂರನೆಯ ಸಲಕ್ಕೆ ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಯಿತು. ಎದುರಿಗೆ ಶರಾವತಿ ಸೇತುವೆ. ಅದರ ಬಾಯಿಯಲ್ಲಿ ಎಡಕ್ಕೊಂದು ಗ್ಯಾಸ್ ಟ್ಯಾಂಕರು, ಬಲಕ್ಕೆ ಅದನ್ನು ಹಿಂದೆ ಹಾಕಲು ಹೆಣಗುತ್ತಿದ್ದ ಮೀನಿನ ಲಾರಿ. ಎರಡರ ನಡುವೆ ಸೈಕಲ್ಲೂ ತೂರುವಂತಿರಲಿಲ್ಲ. ಕೈಗಳು ಸ್ಟೇರಿಂಗಿಗೆ ಅಂಟಿಕೊಂಡವು. ಟ್ಯಾಂಕರಿನ ಹಿಂಭಾಗದಲ್ಲಿ ಬರೆದಿದ್ದ ಎಚ್ಚರಿಕೆಯ ಅಕ್ಷರಗಳು ಒಂದೊಂದಾಗಿ ದೊಡ್ಡವಾಗುತ್ತಿದ್ದವು. ಇಪ್ಪತ್ತು ವರ್ಷ ಗಾಡಿ ಓಡಿಸಿದ ನನಗೆ ಆ ಗಳಿಗೆಯಲ್ಲಿ ಏನೂ, ಅಕ್ಷರಶಃ ಏನೂ ತೋಚಲಿಲ್ಲ.

"ಕ್ಲಚ್ ತುಳಿರಿ" ಎಂದಳು ವೀಣಾ. ಪಲ್ಯಕ್ಕೆ ಉಪ್ಪು ಹಾಕಿ ಎನ್ನುವಾಗಿನ ದನಿ.

ತುಳಿದೆ. ಇಂಜಿನ್ನು ಇನ್ನಷ್ಟು ಕೂಗಿತು. ನನ್ನ ಎಡಗೈ ಸ್ಟೇರಿಂಗನ್ನು ಬಿಡದಿದ್ದದ್ದನ್ನು ನೋಡಿ ಅವಳೇ ಗೇರಿನ ಮೇಲೆ ಕೈಯಿಟ್ಟು ನ್ಯೂಟ್ರಲಿಗೆ ಎಳೆದಳು.

"ಈಗ ಬ್ರೇಕ್ ಒಂದೇ ಸಮ ಒತ್ತಿ ಹಿಡಿರಿ. ಬಿಟ್ ಬಿಟ್ ತುಳಿಬೇಡಿ. ಎಡಕ್ಕೆ ತಗಳಿ."

ಬ್ರೇಕಿನ ಮೇಲೆ ಎದ್ದು ನಿಂತೆ ಎಂದರೂ ತಪ್ಪಿಲ್ಲ. ಕಾರು ಮಣ್ಣಿಗಿಳಿದು, ಮುಗ್ಗರಿಸಿ, ಸೇತುವೆಯ ತಡೆಗೋಡೆಗೆ ಒಂದು ಮಾರು ಈಚೆ ನಿಂತಿತು. ವೀಣಾ ಬಗ್ಗಿ ಚಾವಿ ತಿರುಗಿಸಿದಳು. ಟ್ಯಾಂಕರೂ ಲಾರಿಯೂ ನಮ್ಮ ಇರವೇ ತಿಳಿಯದೆ ಹೊಳೆ ದಾಟಿ ಹೋದವು. ರಬ್ಬರು ಸುಟ್ಟ ವಾಸನೆ ಕಾರಿನ ತುಂಬ ಹಬ್ಬಿತು.

ಕಡೆಗೆ ಅತ್ತೆ ಹಿಂದಿನಿಂದ ಕೇಳಿದರು: "ಆನು ಹೊಳೆ ನೋಡ್ಲಿ ಹೇಳಿ ನಿಲ್ಸಿದ್ರಾ?"

"ಹೌದು ಅತ್ತೆ, ನಿಮಗೆ ತೋರ್ಸಲೇ" ಎಂದೆ. ಅವರು ಸಮಾಧಾನದಿಂದ ಹೊಳೆ ನೋಡತೊಡಗಿದರು.

ವೀಣಾ ಇಳಿದು ನನ್ನ ಕಡೆಯ ಬಾಗಿಲು ತೆಗೆದು, ನನ್ನ ಕಾಲುಗಳನ್ನು ಸಾಮಾನು ಸರಿಸಿದ ಹಾಗೆ ಪಕ್ಕಕ್ಕೆ ಸರಿಸಿ, ಕೆಳಗೆ ಬಗ್ಗಿದಳು. ಮೇಲಿನ ಮ್ಯಾಟು ಮುಂದಕ್ಕೆ ಜಾರಿ, ಅದರ ಅಂಚಿನ ಕೆಳಗೆ ಆಕ್ಸಲರೇಟರು ಸಿಕ್ಕಿಕೊಂಡಿತ್ತು. ಅವಳು ಪೇಪರು ತೆಗೆದಳು, ಹೊಸ ಮ್ಯಾಟು ತೆಗೆದಳು, ರಬ್ಬರಿನದು ತೆಗೆದಳು. ಎಲ್ಲವನ್ನೂ ರಸ್ತೆಯ ಬದಿಗೆ ಸಾಲಾಗಿ ಹಾಸಿದಳು. ಸ್ಕೂಟರಿನಲ್ಲಿ ಹೋಗುತ್ತಿದ್ದವನೊಬ್ಬ ನಿಧಾನ ಮಾಡಿ, "ಎಂತ ಸರ್, ಮ್ಯಾಟು ಮಾರುದಾ?" ಎಂದು ಕೇಳಿ, ನನ್ನ ಮುಖ ನೋಡಿ ಮುಂದೆ ಹೋದ.

"ನಿಂಗೆ ಇದೆಲ್ಲ ಯಾರು ಹೇಳಿಕೊಟ್ಟಿದ್ದು?" ಎಂದೆ.

"ಡ್ರೈವಿಂಗ್ ಸ್ಕೂಲಿನವ್ರು. ಲೈಸೆನ್ಸ್ ಬಂದು ಮೂರು ತಿಂಗಳಾತು."

"ಸಂಜೆ ಭಜನೆಗೆ ಹೋಗ್ತೆ ಹೇಳಿದ್ದೆ ನೀನು."

"ಭಜನೆ ಆರು ಗಂಟೆಗೆ. ಕ್ಲಾಸು ಐದಕ್ಕೆ ಇತ್ತು." ಮಣ್ಣು ಕೊಡವುತ್ತ ಅಂದಳು: "ಹೇಳಿದ್ರೆ ನೀವು ಚಾವಿ ಅಡಗಿಸಿಡ್ತಿದ್ರಿ."

ಸುಳ್ಳು ಎನ್ನಲು ಬಾಯಿ ತೆರೆದೆ. ಚಾವಿ ಎಲ್ಲಿ ಅಡಗಿಸಿಡುತ್ತಿದ್ದೆ ಎಂಬ ಜಾಗ ಕೂಡ ಕಣ್ಣೆದುರು ಬಂತು. ಇಳಿದು ಎಡಗಡೆಯ ಸೀಟಿಗೆ ನಾನೇ ಹೋಗಿ ಕೂತೆ. ಅವಳು ಕನ್ನಡಿ ಸರಿಮಾಡಿಕೊಂಡು, ಸೇತುವೆ ದಾಟಿಸಿ, ಮನೆಯ ಕಿರಿದಾದ ಗೇಟಿನಲ್ಲಿ ಒಂದೇ ಸಲಕ್ಕೆ ಗಾಡಿ ಒಳಗೆ ಹಾಕಿದಳು. ನನಗೆ ಯಾವಾಗಲೂ ಮೂರು ಸಲ ಬೇಕು.

ಇಲ್ಲಿಗೆ ಮುಗಿದಿದ್ದರೆ ನಾನು ಮರ್ಯಾದಸ್ಥನಾಗಿಯೇ ಉಳಿಯುತ್ತಿದ್ದೆ. ಮರುದಿನ ಆಫೀಸಿನಲ್ಲಿ ಘಟನೆ ಹೇಳುವಾಗ, ಕ್ಲಚ್ ತುಳಿಯಲು ಹೇಳಿದ್ದು ಯಾರು ಎಂಬುದನ್ನು ಸಮಯ ಉಳಿಸಲೆಂದು ಬಿಟ್ಟೆ. ಎರಡನೆಯ ಸಲ ಹೇಳುವಷ್ಟರಲ್ಲಿ ಗೇರು ಎಳೆದ ಕೈಯೂ ನನ್ನದೇ ಆಗಿತ್ತು. ಮೂರನೆಯ ಸಲ ಪ್ರಿನ್ಸಿಪಾಲರೇ ನಿಂತು ಕೇಳಿದರು. ಅವರಿಗೆ ಎಷ್ಟು ಮೆಚ್ಚುಗೆಯಾಯಿತೆಂದರೆ, ರಸ್ತೆ ಸುರಕ್ಷತೆಯ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳಿಗೆ ಸಮಯಪ್ರಜ್ಞೆಯ ಬಗ್ಗೆ ನಾನೇ ಭಾಷಣ ಮಾಡಬೇಕೆಂದು ಅಪ್ಪಣೆಯಾಗಿದೆ.

ಭಾಷಣ ಬರೆದು ಮುಗಿಸಿದ್ದೇನೆ, ಚೆನ್ನಾಗಿಯೇ ಬಂದಿದೆ. ನಿನ್ನೆ ಆಮಂತ್ರಣ ಪತ್ರಿಕೆ ವೀಣಾಳ ಕೈಗೆ ಸಿಕ್ಕಿತು. ಓದಿದಳು, ಮಡಚಿದಳು, ಫ್ರಿಜ್ಜಿನ ಮೇಲೆ ಇಟ್ಟಳು.

"ಆನೂ ಬತ್ತೆ" ಎಂದಳು. "ಮುಂದಿನ ಸಾಲಿನಲ್ಲೇ ಕೂರ್ತೆ."