ಖಾಲಿ ಚೀಲಕ್ಕೆ ಹೆದರಿದವರು

ನಿವೃತ್ತಿಯಾದ ಮೇಲೆ ಮನುಷ್ಯ ನಿಶ್ಚಿಂತನಾಗಿರುತ್ತಾನೆ ಎಂದು ಯಾರು ಹೇಳಿದರೋ, ಅವರು ಸಾವಯವ ಗುಂಪಿಗೆ ಸೇರಿದವರಲ್ಲ. ನಾನು ಸೇರಿದೆ. ಅಂದಿನಿಂದ ಎದೆ ಡವಡವ ಅನ್ನದ ದಿನವಿಲ್ಲ, ನಗದ ದಿನವೂ ಇಲ್ಲ.

ನಾನು ಕೃಷಿ ಇಲಾಖೆಯಲ್ಲಿದ್ದವನು. ಸೇವೆಯ ಬಹುಪಾಲು ಕಾರಟಗಿ, ಶ್ರೀರಾಮನಗರದ ಕಡೆ, ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ. ‘ಯೂರಿಯಾ ಹಾಕ್ರಿ’ ಎಂದು ಹೇಳಿ ಹೇಳಿಯೇ ಪಿಂಚಣಿಗೆ ಬಂದೆ. ಈಗ ಯಲಬುರ್ಗಾ ಕಡೆಯ ನಮ್ಮೂರಲ್ಲಿ ನಾಲ್ಕೆಕರೆ ಹೊಲ. ನವಣೆ, ಸಜ್ಜೆ, ತೊಗರಿ. ಅಷ್ಟರಲ್ಲಿ ಸರ್ಕಾರದ ಸಾವಯವ ಯೋಜನೆ ಬಂತು. ತರಬೇತಿ ಅವರದು, ಬೀಜ ಅವರದು, ಸಗಣಿ, ಗಂಜಲ, ಬೆಲ್ಲ ಹಾಕಿ ಜೀವಾಮೃತ ಕಲಸುವ ಡ್ರಮ್ಮೂ ಅವರದು. ಕರಾರು ಮಾತ್ರ ಗಟ್ಟಿ: ಹನ್ನೆರಡು ಮಂದಿಯ ಗುಂಪು, ಮೂರು ವರ್ಷ ಯಾರ ಹೊಲಕ್ಕೂ ರಾಸಾಯನಿಕ ಗೊಬ್ಬರ ಬೀಳಬಾರದು, ಕೊನೆಗೆ ತಪಾಸಣೆ, ಆಮೇಲೆ ಪ್ರಮಾಣಪತ್ರ. ಒಬ್ಬ ತಪ್ಪಿದರೆ ಹನ್ನೆರಡೂ ಮಂದಿ ಮತ್ತೆ ಮೊದಲ ವರ್ಷದಿಂದ. ಓದಿದವನೆಂದು ನನ್ನನ್ನೇ ಕಾರ್ಯದರ್ಶಿ ಮಾಡಿದರು.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಎಂಬತ್ತರ ಹತ್ತಿರದ ಒಬ್ಬ ಅಜ್ಜಿ, ಊರಿಗೆಲ್ಲ ದೊಡ್ಡವ್ವ. ಮೊದಲ ದಿನವೇ ನನಗೆ ಎಚ್ಚರಿಕೆ ಕೊಟ್ಟಳು: “ಸಾಹೇಬ, ನನ್ನ ನವಣಿ ಸರ್ಕಾರದ ಚೀಟಿ ಹಚ್ಕೊಂಡು ಪ್ಯಾಟಿಗೆ ಹೋಗೂದು ನೋಡಬೇಕಂತ ಆಸೆ ಐತಿ. ಮತ್ತ ಮೂರು ವರ್ಷ ಅಂದ್ರ ನನ್ನ ಕೈಲಿ ಆಗೂದಿಲ್ಲ. ನಿನ್ನಿಂದ ಕೆಟ್ಟಿತೋ, ಸತ್ತ ಮ್ಯಾಲೂ ಬಂದು ಕಾಡ್ತೀನಿ ನೋಡು.”

ದೊಡ್ಡವ್ವ ಆಡಿದ್ದನ್ನು ಮಾಡುವವಳು.

ಹಳೇ ನಾಲಗೆ

ಮೊದಲ ವರ್ಷ ಕುಷ್ಟಗಿಯಲ್ಲಿ ತರಬೇತಿ. ವೇದಿಕೆಯ ಮೇಲೆ ಅಧಿಕಾರಿಗಳು, ನನ್ನ ಕೈಯಲ್ಲಿ ಮೈಕು. ಮೈಕು ಸಿಕ್ಕರೆ ಬಿಡುವ ಜಾತಿ ನಾನಲ್ಲ. ಜೀವಾಮೃತದ ಮಹಿಮೆಯನ್ನು ಅರ್ಧ ತಾಸು ಕೊರೆದೆ. ಹಿಂದಿನ ಸಾಲಿನಲ್ಲಿ ಒಬ್ಬ ರೈತ ಎದ್ದು ನಿಂತ.

“ಸಾಹೇಬ್ರ, ಮೆಕ್ಕಿಜೋಳದ ಎಲಿ ಹಳದಿ ಆಗ್ಯಾವ, ಏನ್ ಮಾಡ್ಲಿ?”

“ಎಕರೆಗೆ ಅರ್ಧ ಚೀಲ ಯೂರಿಯಾ ಒಗೀರಿ!”

ಹೇಳಿದ್ದು ನಾನಲ್ಲ, ನನ್ನ ಇಡೀ ಸರ್ವಿಸು. ವೇದಿಕೆಯ ಮೇಲಿದ್ದವರೆಲ್ಲ ನನ್ನತ್ತ ತಿರುಗಿದರು. ಗುಂಪು ಇಲ್ಲಿಗೇ ಮುಳುಗಿತು ಅಂದುಕೊಂಡೆ. ಆಗ ದೊಡ್ಡವ್ವ ಎದ್ದು ವೇದಿಕೆಯ ಕಡೆ ಕೈಮುಗಿದಳು.

“ತಪ್ಪು ತಿಳೀಬ್ಯಾಡ್ರಿ. ಹೊಲ ಶುದ್ಧ ಆಗಾಕ ಮೂರು ವರ್ಷ ಗಡುವು ಕೊಟ್ಟೀರಿ. ಈ ಬಾಯಿಗೂ ಅಷ್ಟು ಕೊಡ್ರಿ.”

ಕಂಡುಬಂದ ಕೊರತೆ

ಈ ಯೋಜನೆಯಲ್ಲಿ ಗುಂಪಿನವರೇ ಒಬ್ಬರ ಹೊಲವನ್ನು ಒಬ್ಬರು ಪರೀಕ್ಷಿಸಿ ಫಾರಂ ತುಂಬಬೇಕು. ಆದರೆ ಬೆಳಗಾದರೆ ಮುಖ ನೋಡಬೇಕಾದವನ ಮೇಲೆ ತಪ್ಪು ಬರೆಯುವವರು ಯಾರು? ಎರಡನೇ ವರ್ಷ ಹನ್ನೆರಡು ಫಾರಂನಲ್ಲೂ ‘ಛಲೋ ಐತಿ’ ಎಂದೇ ಬಂತು. ನನಗೆ ಗಾಬರಿ. ಒಂದೂ ಕೊರತೆಯಿಲ್ಲದ ಹನ್ನೆರಡು ಹೊಲ ಅಂದರೆ ಯಾವ ಅಧಿಕಾರಿ ನಂಬುತ್ತಾನೆ?

“ಏನರ ಒಂದು ಕೊರತಿ ಬರೀರಪಾ. ಬೇಕಾದ್ರ ನನ್ನ ಹೊಲದ್ದೇ ಬರೀರಿ!” ಎಂದು ಗೋಗರೆದೆ.

ಪಕ್ಕದ ಹೊಲದವನು ಬಹಳ ಹೊತ್ತು ಪೆನ್ನು ಕಚ್ಚಿ, ಕೊನೆಗೆ ಬರೆದ. ಕಳಿಸುವ ಮುಂಚೆ ಓದಿ ನೋಡಿದೆ. ಕಂಡುಬಂದ ಕೊರತೆ: ‘ಮಾಲೀಕರು ಮಾತು ನಿಲ್ಲಿಸುವುದಿಲ್ಲ. ಹೊಲ ನೋಡಲು ಹೋದವರು ಊಟದ ಹೊತ್ತಿಗೆ ಮನೆ ಸೇರುವುದಿಲ್ಲ.’ ಕೈಗೊಂಡ ಕ್ರಮ: ‘ಅವರ ಹೆಂಡತಿಯನ್ನು ವಿಚಾರಿಸಲಾಗಿ, ಸರಿಪಡಿಸಲು ಸಾಧ್ಯವಿಲ್ಲವೆಂದು ತಿಳಿದುಬಂದಿದೆ.’

ಕೊನೆಯ ತಪಾಸಣೆ

ಮೂರನೇ ವರ್ಷ. ಕೊಪ್ಪಳದಿಂದ ಅಧಿಕಾರಿ ಮರುದಿನ ಬರುವವರಿದ್ದರು. ಎಲ್ಲ ಸರಿಯಿದೆಯೇ ಎಂದು ಓಣಿಯಲ್ಲಿ ಒಂದು ಸುತ್ತು ಹೊರಟವನಿಗೆ ಜೀವ ಬಾಯಿಗೆ ಬಂತು. ಎಲ್ಲಿ ನೋಡಿದರೂ ಯೂರಿಯಾ ಚೀಲ! ನಮ್ಮ ಕಡೆ ಗೊಬ್ಬರ ಮುಗಿದರೂ ಚೀಲಕ್ಕೆ ಸಾವಿಲ್ಲ. ಬಚ್ಚಲಿಗೆ ಮರೆ ಅದೇ, ಹೊಟ್ಟು ತುಂಬಲು ಅದೇ, ಮಳೆ ಬಂದರೆ ಮಡಚಿ ತಲೆಗೆ ಕೊಪ್ಪೆ ಹಾಕಿಕೊಳ್ಳುವುದೂ ಅದನ್ನೇ. ದೊಡ್ಡವ್ವನ ಹೊಸ್ತಿಲಲ್ಲಿ ಕಾಲೊರಸಲು ಬಿದ್ದದ್ದೂ ಯೂರಿಯಾ ಚೀಲವೇ. ಹೊಸಬರು ನೋಡಿದರೆ ಊರೇ ಗೊಬ್ಬರದ ಗೋದಾಮು ಅನ್ನಬೇಕು.

ಹನ್ನೆರಡೂ ಮನೆ ತಿರುಗಿ ಒಂದೂ ಬಿಡದೆ ಕಿತ್ತು ತಂದೆ. ನನ್ನ ಕಾಳಿನ ಕೋಣೆಯಲ್ಲಿ ತುರುಕಿ, ಬಾಗಿಲನ್ನು ಬೆನ್ನಿನಿಂದ ಒತ್ತಿ ಕೀಲಿ ಜಡಿದೆ.

ಅಧಿಕಾರಿ ಬಂದರು, ಹೊಲ ನೋಡಿದರು, ಮಣ್ಣು ಮುಟ್ಟಿ ನೋಡಿದರು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ, “ಒಬ್ಬರ ಕಾಳಿನ ಕೋಣೆ ನೋಡಬೇಕಲ್ರಿ. ಕಾರ್ಯದರ್ಶಿಗಳದೇ ತೋರಸ್ರಿ” ಎಂದರು.

“ಕೀಲಿಕೈ ಕಳದೈತ್ರಿ” ಎಂದೆ.

“ಅಂಗಿ ಕಿಸೇದಾಗ ಐತಲ್ರಿ!” ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಬಾಗಿಲು ತೆರೆದದ್ದೇ ತಡ, ಚೀಲಗಳು ದಬದಬ ಉರುಳಿ ಅಧಿಕಾರಿಯ ಮೊಣಕಾಲಿನವರೆಗೂ ಬಂದವು. “ಇದೇನ್ರೀ?” ಎಂದರು. ಹುಟ್ಟಿದ ಮೇಲೆ ಮೊದಲ ಸಲ ನನ್ನ ನಾಲಗೆ ಹೊರಳಲಿಲ್ಲ. ದೊಡ್ಡವ್ವನೇ ಕೋಲೂರಿಕೊಂಡು ಮುಂದೆ ಬಂದಳು.

“ಸಾಹೇಬ್ರ, ನಾವೆಲ್ಲ ಯೂರಿಯಾ ಬಿಟ್ಟು ಮೂರು ವರ್ಷ ಆತ್ರಿ. ಇವಂಗ ನೌಕರಿ ಕಾಲದ ಚಟ, ಒಮ್ಮೆಲೆ ಬಿಡಾಕ ಆಗವಲ್ದು. ಖಾಲಿ ಚೀಲರ ನೋಡ್ಕೊಂಡಿರ್ಲಿ ಅಂತ ಕೊಟ್ಟೀವ್ರಿ.”

ಅಧಿಕಾರಿ ನಗಲಿಲ್ಲ. ಒಂದು ಚೀಲ ಎತ್ತಿ, ತಿರುವಿ, ಕನ್ನಡಕ ಏರಿಸಿ ಏನೋ ಓದಿದರು. ಇನ್ನೊಂದು ಎತ್ತಿದರು. ಮತ್ತೊಂದು. ರಾಶಿಯ ತಳ ಮುಟ್ಟಿದ ಮೇಲೆ ಬೆನ್ನು ನೆಟ್ಟಗೆ ಮಾಡಿದರು.

“ಪ್ರತಿ ಚೀಲದ ಮ್ಯಾಲೂ ತಯಾರಾದ ತಿಂಗಳು, ವರ್ಷ ಅಚ್ಚಾಗಿರ್ತೈತಿ. ಇಷ್ಟರಾಗ ಈ ಮೂರು ವರ್ಷದ್ದು ಒಂದೂ ಇಲ್ಲ. ನೀವು ತುಂಬಿದ ಫಾರಂಗಿಂತ ಈ ಚೀಲಾನೇ ಖರೇ ಹೇಳ್ತಾವ.”

ಅಲ್ಲೇ ಸಹಿ ಹಾಕಿದರು. ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಚೀಲಗಳ ಮೇಲೆಯೇ ಕುಸಿದು ಕೂತೆ.

ಅಷ್ಟರಲ್ಲಿ ಧೋ ಎಂದು ಮಳೆ. ಜೀಪು ದೂರದ ರಸ್ತೆಯಲ್ಲಿತ್ತು. ಅಧಿಕಾರಿ ಮುಗಿಲು ನೋಡಿದರು, ಕೈಯಲ್ಲಿದ್ದ ಫೈಲು ನೋಡಿದರು, ಆಮೇಲೆ ನನ್ನ ಕಾಲ ಬಳಿಯಿದ್ದ ಚೀಲವೊಂದನ್ನು ಎಳೆದು, ಮಡಚಿ, ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಓಡಿದರು. ದೊಡ್ಡವ್ವ ಅಂಗಳಕ್ಕಿಳಿದು ಮಳೆಯಲ್ಲೇ ಕೂಗಿದಳು:

“ಸಾಹೇಬ್ರ, ತಾರೀಖು ನೋಡಿ ಹಾಕ್ಕೋರಿ! ಹೊಸಾದಿದ್ರ ನಿಮಗೂ ಮೊದಲನೇ ವರ್ಷದಿಂದ!”